ರಿಬೌಂಡ್ ಕಲಿಸುವ ಸಲಕರಣೆಗಳು: ಮುಚ್ಚಳ ಕೊಳ್ಳಿ, ಯಂತ್ರ ಬಿಡಿ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ಡಿಫೆನ್ಸಿವ್ ರಿಬೌಂಡ್ (ಎದುರಾಳಿಯ ತಪ್ಪಿದ ಶಾಟ್ ಪುಟಿದಾಗ ಚೆಂಡು ಹಿಡಿಯುವುದು) ಅಭ್ಯಾಸಕ್ಕೆಂದು ಮಾರಾಟವಾಗುವ ಸಲಕರಣೆಗಳು ಮುಖ್ಯವಾಗಿ ನಾಲ್ಕು. ರಿಮ್ (ಬುಟ್ಟಿಯ ಕಬ್ಬಿಣದ ಬಳೆ) ಮೇಲೆ ಕೂರುವ ಗುಮ್ಮಟದಂಥ ಮುಚ್ಚಳ, ಕೈಯಲ್ಲಿ ಹಿಡಿದು ಆಟಗಾರನಿಗೆ ಗುದ್ದುವ ಪ್ಯಾಡ್, ಚೆಂಡನ್ನು ಎತ್ತರದಲ್ಲಿ ಕಚ್ಚಿ ಹಿಡಿದಿರುವ ರಿಬೌಂಡ್ ಯಂತ್ರ, ಭಾರದ ಚೆಂಡು. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವ ತಂಡವಾದರೆ ಮೊದಲ ಎರಡನ್ನು ಕಣ್ಣು ಮುಚ್ಚಿ ಕೊಳ್ಳಬಹುದು. ಯಂತ್ರ ಬೇಡ. ಭಾರದ ಚೆಂಡು ಒಂದಿದ್ದರೆ ಸಾಕು. ಇನ್ನೊಂದು ಸಲಕರಣೆ ಯಾವ ಕ್ಯಾಟಲಾಗಿನಲ್ಲೂ ರಿಬೌಂಡ್ ವಿಭಾಗದಲ್ಲಿ ಸಿಗುವುದಿಲ್ಲ: ನೆಲಕ್ಕೆ ಅಂಟಿಸುವ ಟೇಪ್. ಅದರ ಮಾತು ಕೊನೆಗೆ ಬರುತ್ತದೆ.

ಈ ತೀರ್ಪಿನ ಹಿಂದಿನ ಅಳತೆಗೋಲು ಒಂದೇ. ಡಿಫೆನ್ಸಿವ್ ರಿಬೌಂಡ್ ಕೈತಪ್ಪುವುದು ಹೆಚ್ಚಾಗಿ ನೆಲದ ಮೇಲೆ, ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ. ತ್ರೀ ಪಾಯಿಂಟ್ ಶಾಟ್ ಕೈಬಿಟ್ಟು ರಿಮ್ ಮುಟ್ಟಲು ಒಂದು ಸೆಕೆಂಡು, ಅದರ ಮೇಲೆ ಚೂರು. ಅಷ್ಟರಲ್ಲಿ ಡಿಫೆಂಡರ್ ತನ್ನ ಎದುರಾಳಿ ಎಲ್ಲಿದ್ದಾನೆಂದು ಕಂಡುಕೊಳ್ಳಬೇಕು, ಅವನ ಕಡೆ ಒಂದು ಹೆಜ್ಜೆ ಹಾಕಬೇಕು, ಮುಂದೋಳನ್ನು ಅವನ ಎದೆಗೆ ತಾಗಿಸಬೇಕು, ಪಿವಟ್ ಮಾಡಿ (ಒಂದು ಪಾದ ಊರಿ ಅದರ ಮೇಲೇ ತಿರುಗಿ) ಸೊಂಟ ತಗ್ಗಿಸಿ ಅವನ ತೊಡೆಯ ಮೇಲೆ ಕೂತಂತೆ ನಿಲ್ಲಬೇಕು. ಇದಕ್ಕೇ ಬಾಕ್ಸ್ ಔಟ್ ಎನ್ನುವುದು. ಹಾರಿ ಹಿಡಿಯುವುದು ಇಷ್ಟೆಲ್ಲ ಆದ ಮೇಲಿನ ಮಾತು. ಚೆಂಡನ್ನೇ ನೋಡುತ್ತ ನಿಂತವನು ಈ ಒಂದು ಸೆಕೆಂಡನ್ನು ಪೂರ್ತಿ ಕಳೆದುಕೊಂಡಿರುತ್ತಾನೆ. ಹಾಗಾಗಿ ಯಾವ ಸಲಕರಣೆಯನ್ನೇ ತೂಗಿ ನೋಡುವಾಗಲೂ ಕೇಳಬೇಕಾದ ಪ್ರಶ್ನೆ: ಇದು ಆ ಒಂದು ಸೆಕೆಂಡನ್ನು ಕಲಿಸುತ್ತದೆಯೇ, ಇಲ್ಲ ಅದಾದ ಮೇಲಿನ ಜಿಗಿತವನ್ನು ಮಾತ್ರವೇ?

ಎತ್ತರ ಇದ್ದವರದೇ ರಿಬೌಂಡ್ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಮೋರ್‌ಹೆಡ್ ಸ್ಟೇಟ್‌ನ ಕೆನೆತ್ ಫರೀಡ್ 6 ಅಡಿ 8 ಇಂಚಿನ ಆಟಗಾರ. 2011ರಲ್ಲಿ ಕಾಲೇಜು ಆಟ ಮುಗಿಸಿದಾಗ ಅವರ ಖಾತೆಯಲ್ಲಿ 1,673 ರಿಬೌಂಡ್ ಇತ್ತು. 1973ರಿಂದೀಚಿನ ಲೆಕ್ಕದಲ್ಲಿ ಅವರು ಹಿಂದಿಕ್ಕಿದ್ದು ತಮಗಿಂತ ಎತ್ತರದ ಟಿಮ್ ಡಂಕನ್ ಅವರ 1,570ನ್ನು. ಕೆಂಟಕಿಯ ಆಸ್ಕರ್ ಶೀಬ್ವೆ 2021–22ರಲ್ಲಿ ಪಂದ್ಯಕ್ಕೆ ಸರಾಸರಿ 15.1 ರಿಬೌಂಡ್ ಹಿಡಿದರು. ಅವರೂ ಏಳು ಅಡಿಯವರಲ್ಲ. ಇಬ್ಬರ ಆಟದ ವಿಡಿಯೋ ಹಾಕಿ ಚೆಂಡನ್ನು ಬಿಟ್ಟು ಕಾಲನ್ನಷ್ಟೇ ನೋಡಿ: ಶಾಟ್ ಹೊರಟ ಕ್ಷಣವೇ ಕಾಲು ಕೆಲಸಕ್ಕೆ ಇಳಿದಿರುತ್ತದೆ.

ರಿಮ್ ಮುಚ್ಚಳ

ಮುಚ್ಚಳದ ಕೆಲಸ ಒಂದೇ. ಯಾವ ಶಾಟೂ ಒಳಗೆ ಹೋಗದಂತೆ ತಡೆಯುವುದು. ಕೇಳಲು ಸಣ್ಣ ವಿಷಯ, ಅಭ್ಯಾಸದ ಗಡಿಯಾರದ ಮೇಲೆ ಪರಿಣಾಮ ದೊಡ್ಡದು. ಒಳ್ಳೆಯ ಶೂಟರ್‌ಗಳಿರುವ ತಂಡದಲ್ಲಿ ಬಾಕ್ಸ್ ಔಟ್ ಡ್ರಿಲ್ ನಡೆಸಿದರೆ ಅರ್ಧದಷ್ಟು ಶಾಟ್ ಬಿದ್ದುಹೋಗುತ್ತವೆ, ಬಿದ್ದ ಪ್ರತಿ ಶಾಟಿಗೂ ಒಂದು ಬಾಕ್ಸ್ ಔಟ್ ವ್ಯರ್ಥ. ಅದಕ್ಕಿಂತ ಕೆಟ್ಟದ್ದೆಂದರೆ ಡಿಫೆಂಡರ್‌ಗಳು ಶೂಟರ್‌ನ ಕೈ ನೋಡಿ ‘ಇದು ಬೀಳುತ್ತೆ’ ಅಂದುಕೊಂಡು ನಿಂತುಬಿಡುತ್ತಾರೆ. ಮುಚ್ಚಳ ಹಾಕಿದ ಮೇಲೆ ಆ ಆಸೆಗೆ ಜಾಗವೇ ಇಲ್ಲ. ಹನ್ನೆರಡು ನಿಮಿಷದಲ್ಲಿ ಸಿಗುವ ಪುನರಾವರ್ತನೆ ಸುಮಾರು ಎರಡು ಪಟ್ಟಾಗುತ್ತದೆ.

ಕೊಳ್ಳುವಾಗ ಮೂರು ಸಂಗತಿ ನೋಡಿ. ಮೊದಲು ಆಕಾರ. ಗುಮ್ಮಟ ಚಪ್ಪಟೆಯಾಗಿದ್ದರೆ ಚೆಂಡು ಆಗಾಗ ಬ್ಯಾಕ್‌ಬೋರ್ಡ್ ಮತ್ತು ಮುಚ್ಚಳದ ನಡುವೆ ಕೂತುಬಿಡುತ್ತದೆ. ಪ್ರತಿ ಸಲ ಕೋಲು ಹಿಡಿದು ಬರಬೇಕು, ಡ್ರಿಲ್‌ನ ಬಿಸಿ ಆರಿಹೋಗುತ್ತದೆ. ನಡು ಎದ್ದು ಅಂಚು ಇಳಿಜಾರಾಗಿರುವುದೇ ಒಳ್ಳೆಯದು. ಎರಡನೆಯದು ಹಿಡಿತ. ರಿಮ್‌ನ ಒಳವ್ಯಾಸ 18 ಇಂಚು. ಮುಚ್ಚಳದ ಕೆಳಗಿನ ಕ್ಲಿಪ್ಪುಗಳು ಆ ಕಬ್ಬಿಣದ ಬಳೆಯನ್ನು ಬಿಗಿಯಾಗಿ ಕಚ್ಚಬೇಕು. ಸಡಿಲವಿದ್ದರೆ ಹತ್ತಿಪ್ಪತ್ತು ಶಾಟ್ ಆಗುವಷ್ಟರಲ್ಲಿ ಒಂದು ಬದಿಗೆ ವಾಲುತ್ತದೆ, ಆಮೇಲೆ ಚೆಂಡೆಲ್ಲ ಆ ಬದಿಗೇ ಉರುಳುತ್ತದೆ, ಆಟಗಾರರು ಅದನ್ನು ಬೇಗ ಕಂಡುಕೊಂಡು ಅಲ್ಲೇ ಹೋಗಿ ನಿಲ್ಲುತ್ತಾರೆ. ಕ್ಲಿಪ್ಪುಗಳು ಬಲೆಯ ಕೊಕ್ಕೆಗಳ ಮೇಲೆ ಕೂರದಂತೆಯೂ ನೋಡಿಕೊಳ್ಳಿ. ಕೂತರೆ ಬಲೆಯ ದಾರ ಸವೆಯುತ್ತದೆ, ಮುಚ್ಚಳವೂ ಸಮತಟ್ಟಾಗಿ ಕೂರುವುದಿಲ್ಲ. ಮೂರನೆಯದು ಹಾಕಿ ತೆಗೆಯುವ ವಿಧಾನ. ನೆಲದಿಂದಲೇ ಕೋಲಿನಲ್ಲಿ ಎತ್ತಿಡುವಂತಿರಬೇಕು. ಏಣಿ ಬೇಕಾಗುವ ಮುಚ್ಚಳ ಎರಡನೇ ವಾರದಿಂದ ಸ್ಟೋರ್ ರೂಮಿನಲ್ಲೇ ಉಳಿಯುತ್ತದೆ.

ಈಗ ದೋಷದ ಮಾತು. ಮುಚ್ಚಳದಿಂದ ಬರುವ ಪುಟಿತ ನಿಜವಾದ ತಪ್ಪಿದ ಶಾಟ್‌ನ ಪುಟಿತವಲ್ಲ. ನಿಜವಾದ ಆಟದಲ್ಲಿ ಕಡಿಮೆ ಬಿದ್ದ ಶಾಟ್ ಮುಂದಿನ ರಿಮ್‌ಗೆ ತಾಗಿ ಶೂಟರ್ ಕಡೆಗೆ ಮರಳುತ್ತದೆ. ಉದ್ದವಾದದ್ದು ಹಿಂದಿನ ರಿಮ್‌ಗೆ ತಾಗುತ್ತದೆ. ಕಾರ್ನರ್‌ನಿಂದ ಹೊಡೆದಾಗ ಚೆಂಡಿನ ದಾರಿಗೆ ಅಡ್ಡವಾಗಿ ಬ್ಯಾಕ್‌ಬೋರ್ಡ್ ಇರುವುದಿಲ್ಲ, ಹಾಗಾಗಿ ಉದ್ದವಾದ ಶಾಟ್ ಎದುರಿನ ಬದಿಗೆ, ಅಂದರೆ ವೀಕ್ ಸೈಡ್‌ಗೆ ದಾಟುತ್ತದೆ. ರಿಮ್ ಸ್ವಲ್ಪ ಬಾಗಿ ಚೆಂಡಿನ ವೇಗವನ್ನೂ ನುಂಗುತ್ತದೆ. ಮುಚ್ಚಳದಲ್ಲಿ ಇದೆಲ್ಲ ಅಳಿಸಿಹೋಗುತ್ತದೆ. ನಟ್ಟನಡುವೆ ಬಂದ ಶಾಟ್, ಆಟದಲ್ಲಾದರೆ ಬಲೆಯೊಳಗೆ ಇಳಿಯಬೇಕಾದದ್ದು, ಗುಮ್ಮಟದ ನೆತ್ತಿಗೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ರಿಮ್ ಮೇಲೆ ಎರಡು ಸಲ ಕುಣಿದು ಸುಮ್ಮನೆ ಜಾರುವ ಚೆಂಡು ಇಲ್ಲಿ ಸಿಗುವುದೇ ಇಲ್ಲ. ಬರೀ ಮುಚ್ಚಳದ ಮೇಲೆ ಕಲಿತ ತಂಡ ಚೆಂಡಿನ ದಿಕ್ಕನ್ನು ಓದುವುದನ್ನು ಮರೆಯುತ್ತದೆ.

ಪರಿಹಾರ ಸುಲಭ. ಮುಚ್ಚಳವನ್ನು ಮೈ ತಾಗಿಸುವ ಅಭ್ಯಾಸಕ್ಕೆ ಬಳಸಿ, ಚೆಂಡು ಓದುವ ಅಭ್ಯಾಸಕ್ಕೆ ತೆಗೆದಿಡಿ. ಚೆನ್ನಾಗಿ ಕೆಲಸ ಮಾಡುವ ಕ್ರಮ ಹೀಗಿದೆ. ಮೂವರ ಎದುರು ಮೂವರು, ಕೋಚ್ ಕೈಯಲ್ಲಿ ಚೆಂಡು. ಕಾರ್ನರ್‌ನಿಂದ 8, ವಿಂಗ್‌ನಿಂದ (ಕಾರ್ನರ್‌ಗೂ ನೇರ ಎದುರಿಗೂ ನಡುವಿನ ಬದಿ) 8, ನೇರ ಎದುರಿನಿಂದ 8 ಶಾಟ್. ಡಿಫೆನ್ಸ್ ಸತತ ಮೂರು ಹಿಡಿದರೆ ಮಾತ್ರ ಹೊರಗೆ ಬರಬಹುದು, ನಡುವೆ ಒಂದು ಎದುರಾಳಿಗೆ ಸಿಕ್ಕರೂ ಎಣಿಕೆ ಮತ್ತೆ ಸೊನ್ನೆ. ಶಾಟ್ ಹೊಡೆಯುವ ಮೊದಲು ಕೋಚ್ ಒಂದೆರಡು ಪಾಸ್ ಮಾಡಿ ಡಿಫೆಂಡರ್‌ಗಳನ್ನು ಓಡಾಡಿಸಬೇಕು. ಎಲ್ಲರೂ ತಮ್ಮ ಎದುರಾಳಿಗೆ ಅಂಟಿಕೊಂಡೇ ನಿಂತಿದ್ದಾಗ ಬಾಕ್ಸ್ ಔಟ್ ಯಾರಿಗಾದರೂ ಬರುತ್ತದೆ. ಹೆಲ್ಪ್ ಡಿಫೆನ್ಸ್‌ಗೆಂದು, ಅಂದರೆ ಜೊತೆಗಾರನ ನೆರವಿಗೆಂದು, ಪೇಂಟ್‌ನೊಳಗೆ (ರಿಮ್ ಎದುರಿನ ಆಯತದೊಳಗೆ) ನಿಂತವನು ತನ್ನ ಎದುರಾಳಿಯಿಂದ ಹನ್ನೆರಡು, ಹದಿನೈದು ಅಡಿ ದೂರ ಇರುತ್ತಾನೆ. ಅವನು ಹೊರಗೆ ನಡೆದು ಹೋಗಿ, ಎದುರಾಳಿ ಓಟದ ವೇಗ ಹಿಡಿಯುವ ಮೊದಲೇ ತಾಗಬೇಕು. ಅಲ್ಲೇ ನಿಂತು ಕಾದರೆ ರಿಮ್‌ನ ಅಡಿಗೆ ತಳ್ಳಿಸಿಕೊಳ್ಳುತ್ತಾನೆ, ಚೆಂಡು ತಲೆಯ ಮೇಲಿಂದ ಹಾದುಹೋಗುತ್ತದೆ. ಕಾಲೇಜು ಆಟದಲ್ಲಿ ಕಳೆದುಹೋಗುವ ರಿಬೌಂಡ್‌ಗಳಲ್ಲಿ ಈ ಬಗೆಯದ್ದೇ ಎದ್ದು ಕಾಣುತ್ತದೆ, ಇದನ್ನು ಕಲಿಸಲು ಮುಚ್ಚಳಕ್ಕಿಂತ ಒಳ್ಳೆಯ ಸಾಧನವಿಲ್ಲ. ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಬೇಡ. ಆಮೇಲೆ ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಅದೇ ಡ್ರಿಲ್ ಬರೀ ರಿಮ್‌ನಲ್ಲಿ.

ಪುರುಷರ ತ್ರೀ ಪಾಯಿಂಟ್ ಗೆರೆ 2019–20ರಿಂದ 22 ಅಡಿ 1¾ ಇಂಚಿಗೆ ಹಿಂದೆ ಸರಿದಿದೆ. ದೂರದ ಶಾಟ್ ದೂರಕ್ಕೇ ಪುಟಿಯುತ್ತದೆ, ಹಾಗಾಗಿ ಡ್ರಿಲ್‌ನಲ್ಲಿ ಗಾರ್ಡ್‌ಗಳನ್ನು (ಹೊರಗಡೆ ಆಡುವ ಗಿಡ್ಡ ಆಟಗಾರರನ್ನು) ಬಿಟ್ಟು ಬರೀ ದೊಡ್ಡವರನ್ನು ನಿಲ್ಲಿಸುವ ಹಳೆಯ ರೂಢಿ ಈಗ ನಡೆಯುವುದಿಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ ಬೀಳುವ ಚೆಂಡು ಗಾರ್ಡ್‌ಗಳದ್ದು. ಅದೇ ಋತುವಿನಿಂದ ಆಫೆನ್ಸಿವ್ ರಿಬೌಂಡ್ ಆದರೆ, ಅಂದರೆ ಶಾಟ್ ಹೊಡೆದ ತಂಡವೇ ಚೆಂಡು ಹಿಡಿದರೆ, ಪುರುಷರ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಇರುವ ಗಡುವು) 30ರ ಬದಲು 20 ಸೆಕೆಂಡಿಗೆ ಮರಳುತ್ತದೆ. ದಂಡ ಸ್ವಲ್ಪ ಇಳಿಯಿತು ಅನ್ನಿಸಬಹುದು. ಆದರೆ ಇಪ್ಪತ್ತು ಸೆಕೆಂಡು ದಣಿದ ಡಿಫೆನ್ಸ್‌ಗೆ ಏನೂ ಕಡಿಮೆಯಲ್ಲ.

ಮುಚ್ಚಳದ ಬದಲು ರಿಮ್ ಒಳಗೆ ಕೂರಿಸುವ ಕಿರಿದಾದ ಬಳೆಯೂ ಸಿಗುತ್ತದೆ. ಪುಟಿತ ನಿಜಕ್ಕೆ ಹತ್ತಿರ, ಆದರೆ ಒಳ್ಳೆಯ ಶೂಟರ್ ಅದರಲ್ಲೂ ಹಾಕುತ್ತಾನೆ. ಅದು ಶೂಟಿಂಗ್ ಸಲಕರಣೆ, ರಿಬೌಂಡ್‌ಗೆಂದು ಕೊಳ್ಳಬೇಡಿ.

ಗುದ್ದುವ ಪ್ಯಾಡ್

ಪ್ಯಾಡ್‌ನ ವಿಷಯದಲ್ಲಿ ಗುಣಮಟ್ಟದ ಅಂತರ ದೊಡ್ಡದು, ಅದು ಹೊರಗಿನಿಂದ ಕಾಣುವುದಿಲ್ಲ. ಒಳಗಿನ ಫೋಮ್ ಮೆದುವಾಗಿದ್ದರೆ ಎರಡು ತಿಂಗಳಲ್ಲಿ ನಡುಭಾಗ ಕುಸಿಯುತ್ತದೆ, ಹಿಡಿದವನ ಮೊಣಕೈ ಗಂಟು ಎದುರಿನವನ ಬೆನ್ನಿಗೆ ನಾಟುತ್ತದೆ. ಅಂಗಡಿಯಲ್ಲೇ ಮುಷ್ಟಿಯಿಂದ ನಡುವಿಗೆ ಜೋರಾಗಿ ಒತ್ತಿ ನೋಡಿ. ಹಿಂಬದಿಯ ಕೈಗೆ ಮುಷ್ಟಿ ತಾಗಿದಂತೆ ಅನ್ನಿಸಿದರೆ ಅದನ್ನು ಅಲ್ಲೇ ಇಡಿ. ಮೊದಲು ಕೈಕೊಡುವುದು ಹಿಡಿಕೆಯ ಹೊಲಿಗೆ. ಪಟ್ಟಿ ಹೊದಿಕೆಗೆ ಸೇರುವ ಕಡೆ ಒಂದೇ ಸಾಲಿನ ಹೊಲಿಗೆ ಇದ್ದರೆ ಋತು ಮುಗಿಯುವ ಮೊದಲೇ ಬಾಯಿ ಬಿಡುತ್ತದೆ. ಚೌಕದೊಳಗೆ ಅಡ್ಡಗೆರೆ ಹಾಕಿದಂತೆ ಹೊಲಿದ ಪಟ್ಟಿ ಬಾಳುತ್ತದೆ. ಮುಂದೋಳು ತೂರಿಸಲು ಒಂದು ಪಟ್ಟಿ, ಬೆರಳು ಹಿಡಿಯಲು ಇನ್ನೊಂದು, ಹೀಗೆ ಎರಡು ಹಿಡಿಕೆ ಇರಲಿ. ಒಂದೇ ಹಿಡಿಕೆಯ ಪ್ಯಾಡ್ ಗುದ್ದಿನಲ್ಲಿ ತಿರುಗಿ ಮಣಿಕಟ್ಟಿಗೆ ಪೆಟ್ಟು ಕೊಡುತ್ತದೆ.

ಬಳಕೆ ಎರಡು ಬಗೆ. ಹಾರಿ ಚೆಂಡು ಹಿಡಿಯುವವನ ಪಕ್ಕೆಗೆ ಪ್ಯಾಡ್‌ನಿಂದ ಗುದ್ದುವುದು ಎಲ್ಲ ಕಡೆ ನಡೆಯುತ್ತದೆ. ಅದರಿಂದ ಗಟ್ಟಿ ಹಿಡಿತ ಬರುತ್ತದೆ, ತಪ್ಪಿಲ್ಲ. ಗಾಳಿಯಲ್ಲಿರುವವನ ಸೊಂಟದ ಕೆಳಗೆ ಮಾತ್ರ ಪ್ಯಾಡ್ ಹೋಗಬಾರದು, ಕಾಲು ತಿರುಚಿ ಬೀಳುತ್ತಾನೆ. ಆದರೆ ಪ್ಯಾಡ್‌ನ ನಿಜವಾದ ಬೆಲೆ ಇರುವುದು ಎರಡನೇ ಬಗೆಯಲ್ಲಿ. ಪ್ಯಾಡ್ ಹಿಡಿದವನೇ ರಿಬೌಂಡ್‌ಗೆ ನುಗ್ಗುವ ಎದುರಾಳಿ. ಡಿಫೆಂಡರ್ ಅವನನ್ನು ತಾಗಿ, ತಿರುಗಿ, ಸೊಂಟದಿಂದ ಹಿಡಿದಿಡಬೇಕು. ಎರಡು ಎಣಿಸುವಷ್ಟು ಹೊತ್ತು ತಳ್ಳಾಟ, ಆಮೇಲೆ ಪ್ಯಾಡ್ ಹಿಡಿದವನು ಮುನ್ಸೂಚನೆ ಕೊಡದೆ ಥಟ್ಟನೆ ಹಿಂದೆ ಸರಿಯುತ್ತಾನೆ.

ಆ ಕ್ಷಣ ಡಿಫೆಂಡರ್‌ನ ಕಾಲನ್ನು ನೋಡಿ. ಸರಿಯಾಗಿ ನಿಂತವನು ಅಲ್ಲೇ ಇರುತ್ತಾನೆ: ಪಾದಗಳು ಭುಜಕ್ಕಿಂತ ಅಗಲ, ಮಂಡಿ ಬಾಗಿದೆ, ಭಾರ ಪಾದದ ಮುಂಭಾಗದಲ್ಲಿದೆ. ಹಿಂದಕ್ಕೆ ಒರಗಿಕೊಂಡಿದ್ದವನ ಕಾಲ್ಬೆರಳು ಮೊದಲು ಮೇಲೇಳುತ್ತದೆ, ಭಾರವೆಲ್ಲ ಹಿಮ್ಮಡಿಗೆ ಇಳಿಯುತ್ತದೆ, ಎರಡು ಹೆಜ್ಜೆ ಹಿಂದಕ್ಕೆ ತೂರಾಡುತ್ತಾನೆ. ಗೋಡೆಗೆ ಒರಗಿದಂತೆ ಎದುರಾಳಿಗೆ ಒರಗಿದ್ದನೆಂಬುದು ಆಗ ಬಯಲಾಗುತ್ತದೆ. ಆಟದಲ್ಲಿ ಚಾಣಾಕ್ಷ ಆಫೆನ್ಸಿವ್ ರಿಬೌಂಡರ್ ಮಾಡುವುದೂ ಇದನ್ನೇ: ಒತ್ತಿ, ಬಿಟ್ಟು, ಪಕ್ಕದಿಂದ ಸುತ್ತಿ ಬರುತ್ತಾನೆ. ಈ ಒಂದು ಪರೀಕ್ಷೆಗಾಗಿಯೇ ಪ್ಯಾಡ್ ಕೊಳ್ಳಬಹುದು. ಪ್ಯಾಡ್ ಹಿಡಿದವನು ಎಡಕ್ಕೋ ಬಲಕ್ಕೋ ಜಾರಿದಾಗ ಡಿಫೆಂಡರ್ ಸಣ್ಣ ಹೆಜ್ಜೆಗಳಲ್ಲಿ ಜೊತೆಗೇ ಜಾರಬೇಕು, ಬೆನ್ನಿನಿಂದ ಅವನನ್ನು ಓದುತ್ತಿರಬೇಕು. ಮೊಣಕೈ ಭುಜದ ಮಟ್ಟದಲ್ಲಿ ಹೊರಗೆ, ಅಂಗೈ ಮೇಲಕ್ಕೆ. ಕೈಯನ್ನು ಹಿಂದೆ ಚಾಚಿ ಎದುರಾಳಿಯ ತೋಳಿಗೆ ಕೊಕ್ಕೆ ಹಾಕಿದರೆ ಫೌಲ್. ಸೊಂಟದಿಂದ ತಳ್ಳುತ್ತ ತಳ್ಳುತ್ತ ಅವನನ್ನು ನಿಂತ ಜಾಗದಿಂದ ಎಬ್ಬಿಸಿದರೂ ಫೌಲ್. ಜಾಗ ಹಿಡಿಯುವ ಹಕ್ಕಿದೆ, ಹಿಡಿದವನನ್ನು ಒಕ್ಕಲೆಬ್ಬಿಸುವ ಹಕ್ಕಿಲ್ಲ. ಹಿಂದಿನಿಂದ ಕೈ ಚಾಚಿ ಮೈ ತಾಗದಂತೆ ಚೆಂಡು ತೆಗೆದುಕೊಂಡವನದು ಫೌಲ್ ಅಲ್ಲ ಎಂಬುದನ್ನೂ ಆಟಗಾರರಿಗೆ ಹೇಳಿಕೊಡಬೇಕು. ರೆಫರಿಯ ಕಡೆ ಕೈ ಎತ್ತಿ ನಿಂತರೆ ಏನೂ ಸಿಗುವುದಿಲ್ಲ.

ಪಿವಟ್ ಯಾವ ಕಡೆಗೆ ಎಂಬ ಜಗಳ ಕೋಚ್‌ಗಳ ನಡುವೆ ಮುಗಿಯದ್ದು. ಎದುರಾಳಿಯ ಮುಖ ನೋಡುತ್ತಲೇ ತಿರುಗುವ ಫ್ರಂಟ್ ಪಿವಟ್‌ನಲ್ಲಿ ಅವನು ಕಣ್ಣು ತಪ್ಪುವುದಿಲ್ಲ, ಆದರೆ ಸಮಯ ಹೆಚ್ಚು ಬೇಕು. ಬೆನ್ನು ಕೊಟ್ಟು ಸುತ್ತುವ ರಿವರ್ಸ್ ಪಿವಟ್ ವೇಗ, ಅರೆಕ್ಷಣ ಕುರುಡು. ಎದುರಾಳಿ ದೂರದಲ್ಲಿದ್ದರೆ ಮೊದಲನೆಯದು, ಮೈಮೇಲೆ ಬಂದಿದ್ದರೆ ಎರಡನೆಯದು. ಪ್ಯಾಡ್ ಇದ್ದರೆ ಎರಡನ್ನೂ ಹತ್ತು ಹತ್ತು ಸಲ ಮಾಡಿಸಿ ನೋಡಬಹುದು, ಯಾರಿಗೂ ಗಾಯವಾಗದೆ.

ಮಿಷಿಗನ್ ಸ್ಟೇಟ್‌ನ ಕೋಚ್ ಟಾಮ್ ಇಜ್ಜೊ ಅವರ ‘ವಾರ್’ ಡ್ರಿಲ್ ಹೆಸರುವಾಸಿ. ಆಟಗಾರರಿಗೆ ಅಮೆರಿಕನ್ ಫುಟ್‌ಬಾಲ್‌ನ ಹೆಲ್ಮೆಟ್, ಭುಜದ ಕವಚ ತೊಡಿಸಿ ರಿಬೌಂಡ್‌ಗೆ ಬಿಟ್ಟದ್ದೂ ಉಂಟು. ಆ ಮನೋಭಾವ ದೊಡ್ಡದು, ಆದರೆ ಆ ಕವಚಗಳ ಮೇಲೆ ದುಡ್ಡು ಹಾಕುವ ಮೊದಲು ಪ್ಯಾಡ್‌ನಲ್ಲಿ ತಾಗುವುದನ್ನು, ನಿಲ್ಲುವುದನ್ನು ಗಟ್ಟಿ ಮಾಡಿಕೊಳ್ಳಿ.

ರಿಬೌಂಡ್ ಯಂತ್ರ

ಕಂಬ, ಅದರ ತುದಿಯಲ್ಲಿ ಎರಡು ಮೆದು ತೋಳು, ನಡುವೆ ಚೆಂಡು. ಎತ್ತರ ಏರಿಸಿ ಇಳಿಸಬಹುದು. ಆಟಗಾರ ಹಾರಿ, ಎರಡೂ ಕೈಯಿಂದ ಕಿತ್ತು, ಗದ್ದದ ಕೆಳಗೆ ತಂದು, ಎರಡೂ ಕಾಲ ಮೇಲೆ ಇಳಿಯಬೇಕು. ಒಂದೇ ಕೈಯಲ್ಲಿ ಚೆಂಡು ಹಿಡಿಯುವ ಚಟ ಇರುವವರಿಗೆ, ಇಳಿದ ಮೇಲೆ ಚೆಂಡನ್ನು ಸೊಂಟದ ಮಟ್ಟಕ್ಕೆ ತಂದು ಎದುರಾಳಿ ಗಾರ್ಡ್‌ಗಳಿಗೆ ಕೊಟ್ಟುಬಿಡುವವರಿಗೆ ಇದರಿಂದ ಪ್ರಯೋಜನವಿದೆ.

ಆದರೆ ಚೆಂಡು ನಿಂತಲ್ಲೇ ನಿಂತಿರುತ್ತದೆ. ಬೀಳುವ ಚೆಂಡಿಗೆ ಹೊಂದಿಸಿ ಹಾರುವ ಸಮಯ ಇಲ್ಲ, ಹಿಂದೆ ಎದುರಾಳಿ ಇಲ್ಲ, ಹುಡುಕಬೇಕಾದ ದಿಕ್ಕಿಲ್ಲ. ಆಟಗಾರ ಎರಡು ಹೆಜ್ಜೆ ಓಡಿ ಬಂದು ಹಾರುತ್ತಾನೆ, ನಿಜವಾದ ಬಾಕ್ಸ್ ಔಟ್‌ನಿಂದ ಆ ಓಟ ಸಿಗುವುದಿಲ್ಲ. ಕೂತ ಭಂಗಿಯಿಂದ ನೇರ ಮೇಲಕ್ಕೆ ಹಾರಬೇಕು. ನಾಲ್ಕು ಸಲಕರಣೆಗಳಲ್ಲಿ ಅತ್ಯಂತ ದುಬಾರಿ ಇದೇ, ಜಾಗ ನುಂಗುವುದೂ ಇದೇ. ಒಂದು ಸಲಕ್ಕೆ ಒಬ್ಬನೇ ಬಳಸಬಹುದು, ಉಳಿದವರು ಸಾಲಿನಲ್ಲಿ ನಿಂತಿರುತ್ತಾರೆ. ತೋಳುಗಳ ಸ್ಪ್ರಿಂಗ್ ಸಡಿಲವಾದಂತೆ ಚೆಂಡು ಮುಟ್ಟಿದರೆ ಬೀಳುವ ಹಾಗಾಗಿ ಕೀಳುವ ಅಭ್ಯಾಸವೂ ಹೋಗುತ್ತದೆ. ಈಗಾಗಲೇ ಇದ್ದರೆ ಅಭ್ಯಾಸಕ್ಕೆ ಮೊದಲು ಐದು ನಿಮಿಷ ಬಳಸಿ. ಹೊಸದಾಗಿ ಕೊಳ್ಳುವ ವಸ್ತುವಲ್ಲ.

ಭಾರದ ಚೆಂಡು

ಪುರುಷರ ಚೆಂಡು 20ರಿಂದ 22 ಔನ್ಸ್ ತೂಗುತ್ತದೆ. ಮೂರು ಪೌಂಡಿನ ಭಾರದ ಚೆಂಡು ಅದರ ಎರಡು ಪಟ್ಟಿಗೂ ಹೆಚ್ಚು. ಬ್ಯಾಕ್‌ಬೋರ್ಡ್‌ಗೆ ಎಸೆದು ಹಿಡಿಯುವುದು, ಹಿಡಿದು ಹೊರಬದಿಗೆ ತಿರುಗಿ ಔಟ್‌ಲೆಟ್ ಪಾಸ್ (ದಾಳಿ ಶುರುಮಾಡುವ ಮೊದಲ ಪಾಸ್) ಕೊಡುವುದು, ಈ ಎರಡಕ್ಕೆ ಚೆನ್ನ. ಶೂಟ್ ಮಾಡಲು ಯಾರಿಗೂ ಬಿಡಬೇಡಿ. ಗಾಜಿನ ಬೋರ್ಡ್‌ಗೆ ಮೂರಕ್ಕಿಂತ ಭಾರದ್ದು ಬೇಡ.

ಟೇಪ್, ಕಾಗದ, ಪೆನ್ಸಿಲ್

ರಿಮ್‌ನ ಕೆಳಗೆ, ಅದರ ನಡುಬಿಂದುವಿನಿಂದ ಐದಾರು ಅಡಿ ದೂರದಲ್ಲಿ ಅರ್ಧವೃತ್ತವಾಗಿ ಟೇಪ್ ಅಂಟಿಸಿ. ಕಾಲೇಜು ಅಂಗಣದಲ್ಲಿ ಚಾರ್ಜ್ (ಚೆಂಡು ಹಿಡಿದವನು ನಿಂತ ಡಿಫೆಂಡರ್‌ಗೆ ಡಿಕ್ಕಿ ಹೊಡೆಯುವ ಫೌಲ್) ತೀರ್ಮಾನಕ್ಕೆ ಇರುವ 4 ಅಡಿಯ ಕಮಾನಿಗಿಂತ ಸ್ವಲ್ಪ ಹೊರಗೆ ಬರುತ್ತದೆ. ಡ್ರಿಲ್‌ನಲ್ಲಿ ಚೆಂಡು ರಿಮ್ ಮುಟ್ಟುವಾಗ ಯಾವ ಡಿಫೆಂಡರ್‌ನ ಕಾಲೂ ಈ ಟೇಪ್‌ನ ಒಳಗಿರಬಾರದು. ಒಳಗಿದ್ದರೆ ಚೆಂಡು ಹಿಡಿದಿದ್ದರೂ ಲೆಕ್ಕಕ್ಕಿಲ್ಲ. ಅಡಿಗೆ ಜಾರುವ ಚಾಳಿ ಬಿಡಿಸಲು ಬಾಯಿಮಾತಿಗಿಂತ ಈ ಗೆರೆ ಬೇಗ ಕೆಲಸ ಮಾಡುತ್ತದೆ.

ಕಾಗದದ ಮೇಲೆ ಎರಡು ಲೆಕ್ಕ. ಒಂದು, ಎದುರಾಳಿಯ ತಪ್ಪಿದ ಶಾಟ್‌ಗಳಲ್ಲಿ ನಾವು ಹಿಡಿದ ಪಾಲು. 30 ತಪ್ಪಿದ ಶಾಟ್‌ನಲ್ಲಿ 21 ಹಿಡಿದರೆ 70 ಪ್ರತಿಶತ, 24 ಹಿಡಿದರೆ 80. ಬರೀ ಮೂರು ಚೆಂಡಿನ ಅಂತರ, ಆದರೆ ಆ ಮೂರೂ ಎದುರಾಳಿಗೆ ರಿಮ್‌ನ ಪಕ್ಕದಲ್ಲೇ ಸಿಗುವ ಹೊಸ ಅವಕಾಶಗಳು. ಒಟ್ಟು ರಿಬೌಂಡ್ ಸಂಖ್ಯೆ ನೋಡಿ ಖುಷಿಪಡಬೇಡಿ, ಎದುರಾಳಿ ಹೆಚ್ಚು ತಪ್ಪಿದರೆ ಅದು ತಾನೇ ಏರುತ್ತದೆ. ಎರಡು, ಪ್ರತಿ ಶಾಟಿಗೆ ಐವರಲ್ಲಿ ಎಷ್ಟು ಮಂದಿ ಮೈ ತಾಗಿಸಿದರು. ವಿಡಿಯೋ ನಿಲ್ಲಿಸಿ ನೋಡಿದರೆ ನಾಲ್ವರು ತಾಗಿರುತ್ತಾರೆ, ಐದನೆಯವನು ನೋಡುತ್ತ ನಿಂತಿರುತ್ತಾನೆ, ಚೆಂಡು ಹೋಗುವುದು ಅವನ ಎದುರಾಳಿಗೆ. ಶಾಟ್ ಹೊಡೆದವನನ್ನು ಬಾಕ್ಸ್ ಔಟ್ ಮಾಡುವುದನ್ನು ಮರೆಯುವವರೂ ಈ ಕಾಗದದಲ್ಲೇ ಸಿಕ್ಕಿಬೀಳುತ್ತಾರೆ.

ಫ್ರೀ ಥ್ರೋಗೆ ಬೇರೆಯೇ ಡ್ರಿಲ್ ಬೇಕು. 2017ರ ಏಪ್ರಿಲ್ 1ರ ಫೈನಲ್ ಫೋರ್ (ಕಾಲೇಜು ಚಾಂಪಿಯನ್‌ಶಿಪ್‌ನ ಸೆಮಿಫೈನಲ್) ಪಂದ್ಯ ನೆನೆಯಿರಿ. ಆರೆಗನ್ ಎದುರು ನಾರ್ತ್ ಕೆರೊಲಿನಾ ಒಂದು ಪಾಯಿಂಟ್ ಮುಂದೆ, 77–76. ಉಳಿದದ್ದು 5.8 ಸೆಕೆಂಡು. ಕೆನಡಿ ಮೀಕ್ಸ್ ಎರಡೂ ಫ್ರೀ ಥ್ರೋ ತಪ್ಪಿಸಿದರು. ಥಿಯೋ ಪಿನ್ಸನ್ ಚೆಂಡನ್ನು ಹಿಂದಕ್ಕೆ ತಟ್ಟಿ ಜೋಯೆಲ್ ಬೆರಿ ಕೈಗೆ ಸೇರಿಸಿದರು. ಬೆರಿಗೆ ಫೌಲ್ ಆಯಿತು, ಅವರೂ ಎರಡೂ ತಪ್ಪಿಸಿದರು. ಈ ಸಲ ಮೀಕ್ಸ್ ಹಿಡಿದರು, ಗಡಿಯಾರ ಮುಗಿಯಿತು. ನಾಲ್ಕು ಫ್ರೀ ಥ್ರೋ ತಪ್ಪಿದರೂ ಆರೆಗನ್‌ಗೆ ಕೊನೆಯ ಶಾಟ್ ಹೊಡೆಯುವ ಅವಕಾಶವೇ ಬರಲಿಲ್ಲ. ಆರೆಗನ್‌ನ ಜೋರ್ಡನ್ ಬೆಲ್ ಆ ರಾತ್ರಿ 16 ರಿಬೌಂಡ್ ಹಿಡಿದಿದ್ದರು, ಬೇಕಾಗಿದ್ದದ್ದು ಇನ್ನೊಂದು.

ಫ್ರೀ ಥ್ರೋ ಸಾಲಿನಲ್ಲಿ ಡಿಫೆನ್ಸ್‌ನ ನಾಲ್ವರು ನಿಲ್ಲಬಹುದು, ಆಫೆನ್ಸ್‌ನ ಇಬ್ಬರು ಮಾತ್ರ. ರಿಮ್‌ಗೆ ಹತ್ತಿರದ ಎರಡೂ ಜಾಗ ಡಿಫೆನ್ಸ್‌ನದೇ. ಸಾಲಿನಲ್ಲಿರುವವರು ಚೆಂಡು ಕೈಬಿಟ್ಟೊಡನೆ ಒಳಗೆ ಬರಬಹುದು, ಶೂಟರ್ ಚೆಂಡು ರಿಮ್ ಮುಟ್ಟುವವರೆಗೆ ಕಾಯಬೇಕು. ಎಲ್ಲ ಅನುಕೂಲ ಇದ್ದೂ ಕಳೆದುಕೊಳ್ಳುವುದು ಮೊದಲ ಹೆಜ್ಜೆ ರಿಮ್ ಕಡೆಗೆ ಹೋಗುವುದರಿಂದ. ಮೊದಲ ಹೆಜ್ಜೆ ಅಡ್ಡಕ್ಕೆ, ಪಕ್ಕದ ಎದುರಾಳಿಯ ಮುಂದಿನ ಕಾಲಿಗೆ ಅಡ್ಡವಾಗಿ ಬೀಳಬೇಕು. ಆ ಹೆಜ್ಜೆ ಬೀಳಬೇಕಾದ ಜಾಗಕ್ಕೆ ಒಂದು ತುಂಡು ಟೇಪ್ ಅಂಟಿಸಿ. ಮೇಲಿನ ಜಾಗದಲ್ಲಿ ನಿಂತ ಡಿಫೆಂಡರ್‌ಗಳಲ್ಲಿ ಒಬ್ಬ ಶೂಟರ್‌ಗೆ ಅಡ್ಡ ಹೋಗಬೇಕು, ಅದು ಯಾರೆಂದು ಚೆಂಡು ಶೂಟರ್ ಕೈಗೆ ಸೇರುವ ಮೊದಲೇ ಹೆಸರು ಕೂಗಿ ತೀರ್ಮಾನವಾಗಿರಬೇಕು. ಇದನ್ನು ಮುಚ್ಚಳ ಇಲ್ಲದೆ, ಅಭ್ಯಾಸದ ಕಟ್ಟಕಡೆಗೆ, ಕಾಲು ಸೋತಿರುವಾಗ ಹತ್ತು ಸಲ ಮಾಡಿಸಿ.